ಒತ್ತೆ ಇಟ್ಟದ್ದು ಮಾರಿದ್ದಲ್ಲ



ಸಾಲ ಕೊಳ್ಳುವ ದಿನ ಜಗಳವಿರುವುದಿಲ್ಲ. ಮಗಳ ಮದುವೆಯೋ, ಮನೆಯವರ ಕಾಯಿಲೆಯೋ, ಮಳೆ ಕೈಕೊಟ್ಟ ವರ್ಷದ ಬೀಜ ಗೊಬ್ಬರವೋ ಏನೋ ಒಂದು ಕಾರಣ ನಮ್ಮನ್ನು ಸಾಹುಕಾರನ ಬಾಗಿಲಿಗೆ ಕೊಂಡೊಯ್ಯುತ್ತದೆ. ಆ ದಿನ ಅವನು ದೇವರಂತೆ ಕಾಣುತ್ತಾನೆ. ಜಗಳ ಹುಟ್ಟುವುದು ತೀರಿಸುವ ದಿನ. ತೋಟದಲ್ಲಿ ಗಂಡಹೆಂಡಿರು ದುಡಿದು, ಹೊಟ್ಟೆ ಕಟ್ಟಿ ಕೂಡಿಸಿದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಹೋಗಿ, "ನಮ್ಮ ಹೊಲ ಬಿಟ್ಟುಕೊಡಿ" ಎಂದು ಕೇಳಿದಾಗ, "ಯಾವ ಹೊಲ? ಅದು ನೀವು ನನಗೆ ಬರೆದುಕೊಟ್ಟದ್ದಲ್ಲವೇ?" ಎಂಬ ಉತ್ತರ ಬಂದರೆ ಏನು ಮಾಡಬೇಕು? ಈ ಸಂಚಿಕೆಯಲ್ಲಿ ನಾವು ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ.

ನಾವು ಹೇಳಬೇಕಾದದ್ದು ಒಂದೇ ಮಾತು. ಒತ್ತೆ ಇಟ್ಟ ಹೊಲ ಮಾರಿದ ಹೊಲವಲ್ಲ. ಲೆಕ್ಕ ಕೇಳುವುದು ಕೃತಘ್ನತೆಯಲ್ಲ. ಈ ಎರಡನ್ನೂ ಸತ್ಯವೇದವೂ ಹೇಳುತ್ತದೆ, ದೇಶದ ಕಾನೂನೂ ಹೇಳುತ್ತದೆ.

ಗುಂಜೋಟಿಯ ಕಡೆಯ ಮನೆಗಳಿಗೆ ಈ ತೊಂದರೆ ಹೆಚ್ಚು ಕಠಿಣವಾದದ್ದು. ಉಮರಗಾ ತಾಲೂಕಿನ ಈ ಊರು ನಿಜಾಮರ ಸೀಮೆಯಲ್ಲಿತ್ತು. ನೆರೆಯ ನಿಲಂಗಾ, ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯವೇ ಆಗಿದ್ದವು. ಆ ವರ್ಷದ ನವೆಂಬರ್ 1ರಂದು ಮರಾಠವಾಡದೊಡನೆ ಮುಂಬಯಿ ರಾಜ್ಯಕ್ಕೆ ಸೇರಿ, 1960ರಲ್ಲಿ ಮಹಾರಾಷ್ಟ್ರದ ಪಾಲಾದವು. ಹೀಗಾಗಿ ಅನೇಕ ಮನೆಗಳಲ್ಲಿ ಅಜ್ಜನ ಕಾಗದ ಉರ್ದುವಿನಲ್ಲಿದೆ, ಅಪ್ಪನ ಕಾಗದ ಮರಾಠಿಯಲ್ಲಿದೆ, ಮನೆಯ ಮಾತು ಮಾತ್ರ ಕನ್ನಡ. ಬಾಯಲ್ಲಿ "ಒತ್ತೆ" ಎಂದು ಮಾತಾಗುತ್ತದೆ. ಕಾಗದದಲ್ಲಿ "ಗಹಾಣಖತ್" ಎಂದಿದೆಯೋ "ಖರೇದಿಖತ್" ಎಂದಿದೆಯೋ ಹೆಬ್ಬೆಟ್ಟು ಒತ್ತಿದವರಿಗೆ ಗೊತ್ತಿರುವುದಿಲ್ಲ. ಗಹಾಣ ಎಂದರೆ ಒತ್ತೆ, ಖರೇದಿ ಎಂದರೆ ಕ್ರಯ. ಈ ಎರಡು ಪದಗಳ ನಡುವೆ ಒಂದು ಕುಟುಂಬದ ಅನ್ನವೇ ಇದೆ.

ಮೊದಲು ಸತ್ಯವೇದದ ಕಡೆಗೆ ನೋಡೋಣ. ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯವನ್ನು ಸಂಜೆಯ ಪ್ರಾರ್ಥನೆಯಲ್ಲಿ ಓದಿಸಿರಿ. ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ಕಾಲ. ಕಟ್ಟುವವರಲ್ಲಿ ಬಡವರೂ ಇದ್ದರು. ಕ್ಷಾಮ ಬಂದು ಹೊಲ, ದ್ರಾಕ್ಷಾತೋಟ, ಮನೆಗಳನ್ನು ಒತ್ತೆ ಇಟ್ಟು ದವಸ ತಂದರು. ಅರಸನ ಕಂದಾಯಕ್ಕೆಂದು ಸಾಲ ಮಾಡಿದರು. ಕೊನೆಗೆ ಮಕ್ಕಳನ್ನೇ ಜೀತಕ್ಕೆ ಬಿಡಬೇಕಾಯಿತು. ಗಂಡಸರೊಂದಿಗೆ ಹೆಂಗಸರೂ ಬಂದು ಮೊರೆಯಿಟ್ಟರು. ನೆಹೆಮೀಯನು ಸಿಟ್ಟಾದರೂ ದುಡುಕಲಿಲ್ಲ. ಮನಸ್ಸಿನಲ್ಲಿ ಆಲೋಚಿಸಿ, ಶ್ರೀಮಂತರನ್ನೂ ಅಧಿಕಾರಿಗಳನ್ನೂ ದೊಡ್ಡ ಸಭೆಯ ಮುಂದೆ ನಿಲ್ಲಿಸಿ ಗದರಿಸಿದನು. ಹೊಲ, ತೋಟ, ಮನೆಗಳನ್ನು ಆ ದಿನವೇ ಹಿಂದಕ್ಕೆ ಕೊಡಬೇಕೆಂದೂ, ಹಣ ಧಾನ್ಯಗಳ ಮೇಲೆ ತೆಗೆದುಕೊಳ್ಳುತ್ತಿದ್ದ ನೂರರಲ್ಲೊಂದು ಪಾಲನ್ನು ತಿರುಗಿ ಕೊಡಬೇಕೆಂದೂ ಹೇಳಿದನು. ಅವರು ಒಪ್ಪಿದಾಗ ಬಾಯಿಮಾತಿಗೆ ಬಿಡದೆ, ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದನು.

ಇದರಲ್ಲಿ ಗಮನಿಸಬೇಕಾದದ್ದು ಮೂರು ಸಂಗತಿ. ಒತ್ತೆ ಬಿಡಿಸುವ ಮಾತು ಗುಟ್ಟಾಗಿ ನಡೆಯದೆ ಸಭೆಯ ಮುಂದೆ ನಡೆಯಿತು. ಬಡ್ಡಿಯ ಲೆಕ್ಕ ಬಿಡಿಸಿ ಹೇಳಲಾಯಿತು. ಒಪ್ಪಂದಕ್ಕೆ ಸಾಕ್ಷಿಗಳಿದ್ದರು. ಆ ನೂರರಲ್ಲೊಂದು ಪಾಲು ತಿಂಗಳ ಬಡ್ಡಿಯೆಂದು ವ್ಯಾಖ್ಯಾನಕಾರರಲ್ಲಿ ಅನೇಕರು ತಿಳಿಯುತ್ತಾರೆ. ನೂರಕ್ಕೆ ಒಂದರ ಬಡ್ಡಿಗೇ ಅಷ್ಟು ದೊಡ್ಡ ಸಭೆ ಕೂಡಿಸಬೇಕಾಗಿತ್ತಾದರೆ, ನೂರಕ್ಕೆ ಮೂರು, ಐದು ಎಂಬ ಇಂದಿನ ಕೈಬಡ್ಡಿಗೆ ಏನು ಹೇಳೋಣ? ಮೋಶೆಯ ಧರ್ಮಶಾಸ್ತ್ರವಂತೂ ಬಡವನ ಹೊದಿಕೆಯನ್ನು ಒತ್ತೆ ತೆಗೆದುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸಬೇಕೆನ್ನುತ್ತದೆ. ಹಿಟ್ಟು ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಲೇಬಾರದೆನ್ನುತ್ತದೆ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ನುಗ್ಗದೆ ಹೊರಗೇ ನಿಲ್ಲಬೇಕೆನ್ನುತ್ತದೆ. ಸಾಲಗಾರನಿಗೂ ಮಾನವುಂಟು ಎಂಬುದು ಇದರ ಅರ್ಥ.

ನಮ್ಮ ನೆಲದ ಚರಿತ್ರೆಯಲ್ಲಿಯೂ ಇಂಥ ಮೊರೆ ಎದ್ದಿತ್ತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆ ಅಂಗಡಿಗಳ ಮೇಲೆ ಬಿದ್ದು, ಸಾಲದ ಕಾಗದಗಳನ್ನೂ ಲೆಕ್ಕದ ವಹಿಗಳನ್ನೂ ಬೀದಿಗೆ ತಂದು ಸುಟ್ಟರು. ದಖ್ಖನ್ ದಂಗೆ ಎಂದು ಹೆಸರಾದ ಆ ಗಲಭೆ ಅಹಮದನಗರದ ಕಡೆಗೂ ಹಬ್ಬಿತು. ಸರ್ಕಾರ ವಿಚಾರಣಾ ಆಯೋಗವನ್ನು ನೇಮಿಸಿ, 1879ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯಿದೆಯನ್ನು ತಂದಿತು. ಬರೀ ಕಾಗದ ನೋಡಿ ತೀರ್ಪು ಕೊಡಬಾರದು, ಸಾಲ ಎಲ್ಲಿಂದ ಹುಟ್ಟಿತು, ಕೈಗೆ ಬಂದದ್ದೆಷ್ಟು, ತೀರಿಸಿದ್ದೆಷ್ಟು ಎಂದು ನ್ಯಾಯಾಲಯ ಮೊದಲಿನಿಂದ ಲೆಕ್ಕ ತೆಗೆಯಬೇಕು ಎಂಬುದು ಆ ಕಾಯಿದೆಯ ಜೀವಾಳ. ಸಾಹುಕಾರ ರಶೀದಿ ಕೊಡಬೇಕೆಂದೂ ಅದು ಕಟ್ಟುಮಾಡಿತು. ಮೊದಲಿಗೆ ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಜಿಲ್ಲೆಗಳಿಗೆ ಇದು ಅನ್ವಯವಾಯಿತು. ಪಕ್ಕದ ಸೋಲಾಪುರದ ರೈತನಿಗೆ ಸಿಕ್ಕ ಈ ಆಸರೆ ನಿಜಾಮರ ಗಡಿಯೊಳಗಿದ್ದ ಗುಂಜೋಟಿಯ ರೈತನಿಗೆ ಸಿಕ್ಕಲಿಲ್ಲ. ಇಂದು ಆ ಗಡಿ ಇಲ್ಲ. ಕಾಗದ ಸುಡುವ ಅಗತ್ಯವೂ ಇಲ್ಲ. ಕಾಗದವನ್ನು ಓದಿಸಿ, ಲೆಕ್ಕ ಕೇಳುವ ದಾರಿ ತೆರೆದಿದೆ.

ಆ ದಾರಿಯನ್ನು ಸರಳವಾಗಿ ಹೇಳುತ್ತೇವೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 60ನೆಯ ಕಲಮಿನಂತೆ ಸಾಲ ತೀರಿಸಿದವನಿಗೆ ಒತ್ತೆ ಬಿಡಿಸಿಕೊಳ್ಳುವ ಹಕ್ಕಿದೆ. ಇಂತಿಷ್ಟು ದಿನದೊಳಗೆ ಹಣ ಕೊಡದಿದ್ದರೆ ಹೊಲ ಸಾಹುಕಾರನದೇ ಆಗಿಹೋಗುತ್ತದೆಂಬ ಷರತ್ತನ್ನು ಒತ್ತೆ ಪತ್ರದಲ್ಲಿ ಬರೆಸಿಕೊಂಡರೂ, ಬಿಡಿಸುವ ಹಕ್ಕನ್ನು ಮುಚ್ಚಿಹಾಕುವ ಅಂಥ ಷರತ್ತನ್ನು ನ್ಯಾಯಾಲಯಗಳು ಮನ್ನಿಸುವುದಿಲ್ಲ. ಒಮ್ಮೆ ಒತ್ತೆಯಾದದ್ದು ಎಂದಿಗೂ ಒತ್ತೆಯೇ ಎಂಬುದು ನ್ಯಾಯದ ಹಳೆಯ ಸೂತ್ರ.

ಹೊಲದ ತಾಬಾ ಸಾಹುಕಾರನ ಕೈಯಲ್ಲಿದ್ದರೆ ಅವನು ಬೆಳೆಯ ಲೆಕ್ಕವಿಡಬೇಕು. ತೊಗರಿ, ಜೋಳ, ಸೋಯಾಬೀನು ಏನೇ ಬೆಳೆದರೂ ಖರ್ಚು ಕಳೆದು ಉಳಿದದ್ದು ಮೊದಲು ಬಡ್ಡಿಗೆ, ಅನಂತರ ಅಸಲಿಗೆ ಜಮೆಯಾಗಬೇಕು. ಬೆಳೆಯೇ ಬಡ್ಡಿಗೆ ಬದಲು ಎಂದು ಪತ್ರದಲ್ಲಿ ಬರೆದಿದ್ದರೆ ಆ ಮಾತು ಬೇರೆ. ಆದರೆ ಆಗ ಬಡ್ಡಿಯನ್ನು ಮತ್ತೆ ಕೇಳುವಂತಿಲ್ಲ. ಬೆಳೆಯನ್ನೂ ಉಂಡು, ಬಡ್ಡಿಯನ್ನೂ ಎಣಿಸುವುದು ಒಂದೇ ಹೊಲವನ್ನು ಎರಡು ಸಲ ಕೊಯ್ದಂತೆ.

ಹಣ ಕೊಡಲು ಹೋದರೆ ಸಾಹುಕಾರ ತೆಗೆದುಕೊಳ್ಳದೆ ದಿನ ದೂಡುತ್ತಾನೆಯೇ? ಅದಕ್ಕೂ ಉಪಾಯವಿದೆ. ಅದೇ ಕಾಯಿದೆಯ 83ನೆಯ ಕಲಮಿನಂತೆ ಬಾಕಿ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಬಾಕಿಯನ್ನು ಕ್ರಮವಾಗಿ ಮುಂದಿಟ್ಟ ಮೇಲೆ ಬಡ್ಡಿ ಬೆಳೆಯುವುದು ನಿಲ್ಲುತ್ತದೆಂದು 84ನೆಯ ಕಲಮು ಹೇಳುತ್ತದೆ. "ಬಹಳ ವರ್ಷವಾಯಿತು, ಇನ್ನು ಹೊಲ ಸಿಕ್ಕದು" ಎಂದು ಹೆದರಿಸಿದರೂ ಎದೆಗೆಡಬೇಡಿರಿ. ಬೆಳೆಯಿಂದಲೇ ಸಾಲ ತೀರುವ ತಾಬಾ ಒತ್ತೆಯಲ್ಲಿ, 30 ವರ್ಷ ಕಳೆದ ಮಾತ್ರಕ್ಕೆ ಸಾಹುಕಾರ ಒಡೆಯನಾಗುವುದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ಸಿಂಗ್ ರಾಮ್ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಬೇರೆ ಬಗೆಯ ಒತ್ತೆಗಳಿಗೆ 30 ವರ್ಷದ ಮಿತಿ ಇದೆ. ಆದುದರಿಂದ ತಡಮಾಡುವುದೂ ಬೇಡ.

ಕಠಿಣವಾದ ಗಂಟು ಕ್ರಯದ ಕಾಗದದ್ದು. ಹಣ ಕೊಟ್ಟಾಗ ಹೊಲ ತಿರುಗಿ ಬರೆದುಕೊಡುತ್ತೇನೆಂಬ ಮಾತು ಅದೇ ಕ್ರಯಪತ್ರದಲ್ಲಿ ಇದ್ದರೆ ಮಾತ್ರ ಅದನ್ನು ಒತ್ತೆಯೆಂದು ಎಣಿಸಬಹುದು ಎಂಬುದು 1929ರಿಂದ ಬಂದ ನಿಯಮ. ಬಾಯಲ್ಲಿ ಹೇಳಿದ್ದೂ, ಬೇರೆ ಕಾಗದದಲ್ಲಿ ಬರೆದದ್ದೂ ಇಲ್ಲಿ ಸಾಲದು. ಹಾಗಾದರೆ ಖರೇದಿಖತ್ ಬರೆದುಕೊಟ್ಟವರು ಕೈಬಿಟ್ಟಂತೆಯೇ ಸರಿಯೇ? ಅಲ್ಲ. ಮಹಾರಾಷ್ಟ್ರದ 2014ರ ಸಾವಕಾರಿ ನಿಯಂತ್ರಣ ಕಾಯಿದೆಯ 18ನೆಯ ಕಲಮು ಇಂಥವರಿಗಾಗಿಯೇ ಇದೆ. ಅಕ್ರಮವಾಗಿ ಬಡ್ಡಿ ವ್ಯವಹಾರ ನಡೆಸುವವನ ಕೈಗೆ ಸಾಲದ ಭದ್ರತೆಯಾಗಿ ಹೋದ ಸ್ಥಿರಾಸ್ತಿ, ಕ್ರಯದ ಹೆಸರಿನಲ್ಲಿ ಹೋಗಿದ್ದರೂ, ಅರ್ಜಿಗೆ ಹಿಂದಿನ 15 ವರ್ಷಗಳೊಳಗಿನದಾದರೆ, ಜಿಲ್ಲಾ ನಿಬಂಧಕರು ವಿಚಾರಣೆ ಮಾಡಿ ಆ ಪತ್ರವನ್ನು ಅಸಿಂಧುವೆಂದು ಸಾರಿ ಹೊಲವನ್ನು ಮರಳಿ ಕೊಡಿಸಬಹುದು. ಲೈಸೆನ್ಸಿಲ್ಲದೆ ಸಾವಕಾರಿ ಮಾಡುವುದು ಸೆರೆಮನೆಯ ಶಿಕ್ಷೆಗೆ ಗುರಿಯಾಗುವ ಅಪರಾಧ. ಈ ಕಾಯಿದೆ ಸಹಕಾರ ಇಲಾಖೆಯ ಕೈಯಲ್ಲಿದೆ. ಉಮರಗಾ ಕಡೆಯವರಿಗೆ ಜಿಲ್ಲಾ ಕೇಂದ್ರ ಧಾರಾಶಿವ, ಅಂದರೆ ಹಿಂದಿನ ಉಸ್ಮಾನಾಬಾದ. ನಿಲಂಗಾ, ಉದಗೀರದವರಿಗೆ ಲಾತೂರು. ನೀವು ದುಡಿಯುವ ತೋಟ ಕರ್ನಾಟಕದಲ್ಲಿದ್ದರೂ ಹೊಲ ಇರುವ ಕಡೆಯ ಕಚೇರಿಗೇ ಅರ್ಜಿ ಹೋಗಬೇಕೆಂಬುದನ್ನು ಮರೆಯಬೇಡಿರಿ.

ಈಗ ಬಡ್ಡಿಯ ಲೆಕ್ಕ. 50,000 ರು. ಸಾಲವನ್ನು ತಿಂಗಳಿಗೆ ನೂರಕ್ಕೆ ಮೂರರಂತೆ ತೆಗೆದುಕೊಂಡರು ಎಂದಿಟ್ಟುಕೊಳ್ಳೋಣ. ತಿಂಗಳಿಗೆ 1,500, ವರ್ಷಕ್ಕೆ 18,000, ಐದು ವರ್ಷಕ್ಕೆ 90,000 ರು. ಬಡ್ಡಿಯೇ ಆಯಿತು; ಅಸಲು ಹಾಗೆಯೇ ನಿಂತಿದೆ. ಮಹಾರಾಷ್ಟ್ರ ಸರ್ಕಾರ ಲೈಸೆನ್ಸುಳ್ಳ ಸಾವಕಾರನಿಗೆ ಕಟ್ಟಿದ ದರವಾದರೋ, ಒತ್ತೆಯ ಮೇಲೆ ರೈತನಿಗೆ ಕೊಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 9, ಇತರರಿಗೆ 15. ನೂರಕ್ಕೆ 9ರಂತೆ ಅದೇ 50,000ಕ್ಕೆ ಐದು ವರ್ಷದ ಬಡ್ಡಿ 22,500 ರು. ಮಾತ್ರ. ಇದಲ್ಲದೆ ನಮ್ಮ ಹಿರಿಯರ ಬಾಯಲ್ಲಿದ್ದ "ದಾಮದುಪ್ಪಟ"ದ ನ್ಯಾಯವೂ ಈ ಕಾಯಿದೆಯಲ್ಲಿದೆ. ಬಡ್ಡಿ ಎಷ್ಟೇ ಬೆಳೆದರೂ ಅಸಲನ್ನು ಮೀರಬಾರದು. 50,000ದ ಸಾಲಕ್ಕೆ 50,000ಕ್ಕಿಂತ ಹೆಚ್ಚು ಬಡ್ಡಿಯನ್ನು ಸಾವಕಾರ ವಸೂಲು ಮಾಡುವಂತಿಲ್ಲ. ಈ ನಾಲ್ಕು ಸಾಲಿನ ಲೆಕ್ಕವನ್ನು ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿ, ನಿಮ್ಮ ಸಾಲದ ಮೊತ್ತವನ್ನು ಅದರಲ್ಲಿ ಕೂಡಿಸಿ ನೋಡಿರಿ.

ಬ್ಯಾಂಕಿನಲ್ಲಿ ಮನೆ ಒತ್ತೆ ಇಟ್ಟವರಿಗೂ ಎರಡು ಮಾತು. 2024ರ ಅಕ್ಟೋಬರ್ 1ರಿಂದ ಹೊಸ ಸಾಲ ಕೊಡುವಾಗ ಬಡ್ಡಿ, ಶುಲ್ಕ, ಕಂತುಗಳನ್ನೆಲ್ಲ ಒಂದೇ ಪತ್ರದಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. "ನಮಗೆ ಕನ್ನಡದಲ್ಲಿ ಕೊಡಿ" ಎಂದು ಕೇಳಲು ನಾಚಬೇಕಾಗಿಲ್ಲ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮನೆಯ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರು. ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ದೂರನ್ನು ಮೊದಲು ಬ್ಯಾಂಕಿಗೇ ಬರೆದು ಕೊಡಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಖರ್ಚಿಲ್ಲದೆ ಬರೆಯಬಹುದು. ಕಂತು ನಿಂತು ಮನೆ ಮುಟ್ಟುಗೋಲಿನ 60 ದಿನದ ನೋಟೀಸು ಬಂದರೆ ಅದನ್ನು ಸೂರಿನಡಿ ಸಿಕ್ಕಿಸಿ ಸುಮ್ಮನಿರಬೇಡಿರಿ. ನೀವು ಬರೆದು ಆಕ್ಷೇಪಿಸಿದರೆ ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತ ಉತ್ತರ ಕೊಡಲೇಬೇಕು. ಸಾಗುವಳಿಯ ಹೊಲಕ್ಕೆ ಈ ಮುಟ್ಟುಗೋಲಿನ ಕಾಯಿದೆ ತಗಲುವುದಿಲ್ಲ.

ತೋಟದ ಸಂಬಂಧದ ಇನ್ನೊಂದು ಮಾತು. ಮುಂಗಡ ಕೊಟ್ಟಿದ್ದೇನೆಂದು ಯಾರನ್ನೂ ಜೀತಕ್ಕೆ ತಡೆದಿಡುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯಿದೆ ನಿಷೇಧಿಸಿದೆ. ಅಂಥ ಸಾಲಕ್ಕಾಗಿ ಒತ್ತೆಯಾದ ಸ್ವತ್ತೂ ಆ ಒತ್ತೆಯಿಂದ ಬಿಡುಗಡೆಯಾಗುತ್ತದೆ. ಸಾಲ ಕೈಯದು, ಕಾಲಿಗೆ ಸಂಕೋಲೆ ಅದರಿಂದ ಬೀಳಬಾರದು.

ಇಷ್ಟು ತಿಳಿದ ಮೇಲೆ ಮಾಡಬೇಕಾದ ಕೆಲಸ ಯಾವುದು? ಮೊದಲು, ಉಪನೋಂದಣಿ ಕಚೇರಿಯಿಂದ ಪತ್ರದ ದೃಢೀಕೃತ ನಕಲನ್ನೂ, ತಲಾಠಿಯಿಂದ ಏಳು-ಹನ್ನೆರಡರ ಉತಾರವನ್ನೂ ತೆಗೆಸಿರಿ. ಮರಾಠಿ ಬಲ್ಲ, ನಿಮಗೆ ಸಾಲ ಕೊಡದ, ಸಾಹುಕಾರನ ನಂಟಿಲ್ಲದ ಒಬ್ಬರಿಂದ ಅದನ್ನು ಓದಿಸಿ ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ಎರಡನೆಯದಾಗಿ, ಕೈಗೆ ಬಂದ ಹಣ, ಕೊಟ್ಟ ಹಣ, ದಿನ, ಸಾಕ್ಷಿ ಇವನ್ನು ನೆನಪಿದ್ದಷ್ಟು ಒಂದು ವಹಿಯಲ್ಲಿ ಬರೆಯಿರಿ. ಹೆಂಗಸರನ್ನು ಕೇಳಲು ಮರೆಯಬೇಡಿರಿ. ಯಾವ ಹಬ್ಬಕ್ಕೆ ಎಷ್ಟು ಕೊಟ್ಟೆವು, ಯಾವ ಓಲೆ ಮಾರಿ ಕೊಟ್ಟೆವು ಎಂಬುದು ಅವರಿಗೇ ಹೆಚ್ಚು ನೆನಪಿರುತ್ತದೆ. ಮೂರನೆಯದಾಗಿ, ಸಾಹುಕಾರನಿಗೆ ಮರ್ಯಾದೆಯಿಂದ ಪತ್ರ ಬರೆದು ಲೆಕ್ಕ ಕೇಳಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಚೀಟಿ ಇಟ್ಟುಕೊಳ್ಳಿರಿ. ಲೆಕ್ಕ ಇತ್ಯರ್ಥವಾಗುವ ತನಕ ಹೊಸ ಕಾಗದಕ್ಕೆ ಹೆಬ್ಬೆಟ್ಟು ಬೇಡ, ರಶೀದಿಯಿಲ್ಲದೆ ಹಣವೂ ಬೇಡ.

ಇದರಿಂದ ಬಗೆಹರಿಯದಿದ್ದರೆ ತಾಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿರಿ. 1987ರ ಕಾಯಿದೆಯಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ನಿಗದಿತ ಆದಾಯಕ್ಕಿಂತ ಕಡಿಮೆಯುಳ್ಳವರಿಗೂ ವಕೀಲರ ನೆರವು ಉಚಿತ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟಿನ ಖರ್ಚು ಉಳಿಯುತ್ತದೆ, ವರ್ಷಗಳ ಅಲೆದಾಟವೂ ತಪ್ಪುತ್ತದೆ. ಆದರೆ ಅಲ್ಲಿಯ ಒಪ್ಪಂದದ ಮೇಲೆ ಅಪೀಲು ಇಲ್ಲ. ಆದುದರಿಂದ ಪ್ರತಿಯೊಂದು ಮಾತನ್ನೂ ಕನ್ನಡದಲ್ಲಿ ವಿವರಿಸಿ ಹೇಳಿದ ಮೇಲೆಯೇ ಸಹಿ ಮಾಡಿರಿ. ನಮ್ಮ ಸಭಾಪಾಲಕರೂ ಹಿರಿಯರೂ ಇಂಥ ದಿನ ಆ ಕುಟುಂಬದ ಜೊತೆಗೆ ಹೋಗಿ ನಿಲ್ಲುವುದು ಸುವಾರ್ತೆಯ ಸೇವೆಯೇ ಎಂದು ನಾವು ನಂಬುತ್ತೇವೆ. ಒಬ್ಬಂಟಿ ಹೆಂಗಸು ಸಾಹುಕಾರನ ಕಟ್ಟೆಯ ಕೆಳಗೆ ನಿಂತು ಕೇಳುವ ಲೆಕ್ಕಕ್ಕೂ, ನಾಲ್ವರು ಜೊತೆಗೆ ನಿಂತು ಕೇಳುವ ಲೆಕ್ಕಕ್ಕೂ ವ್ಯತ್ಯಾಸವಿದೆ.

ಹಾಗೆಂದು ಸಾಲ ತೀರಿಸಬೇಡಿರೆಂದು ನಾವು ಹೇಳುವುದಿಲ್ಲ. ಕೈಗೆ ಬಂದ ಅಸಲನ್ನೂ ನ್ಯಾಯವಾದ ಬಡ್ಡಿಯನ್ನೂ ಕೊಡತಕ್ಕದ್ದೇ ಧರ್ಮ. ಲೆಕ್ಕ ಕೇಳುವವನ ಲೆಕ್ಕವೂ ಸಾಚಾ ಆಗಿರಬೇಕು. ಕೊಟ್ಟದ್ದನ್ನು ಹೆಚ್ಚಿಸಿ ಹೇಳುವುದು, ತೆಗೆದುಕೊಂಡದ್ದನ್ನು ಮರೆಮಾಚುವುದು ಬೇಡ. ಅದರಿಂದ ಮುಂದೆ ಬರುವ ಬಡವನ ನಿಜವಾದ ಮೊರೆಯನ್ನೂ ಯಾರೂ ನಂಬದಂತಾಗುತ್ತದೆ.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ನೆಹೆಮೀಯನು ಗದರಿಸಿದ್ದು ಪರದೇಶದ ಸಾಹುಕಾರರನ್ನಲ್ಲ, ತನ್ನ ಸ್ವಂತ ಜನರನ್ನು. ತಾನೂ ತನ್ನ ಬಂಧುಗಳೂ ಸೇವಕರೂ ಸಾಲ ಕೊಟ್ಟಿರುವುದನ್ನು ಬಾಯಿಬಿಟ್ಟು ಹೇಳಿ, ಈ ಬಡ್ಡಿಯನ್ನು ನಾವೆಲ್ಲರೂ ಬಿಡೋಣ ಎಂದನು. ಲೈನಿನಲ್ಲಿ ಪಕ್ಕದ ಮನೆಯವನಿಗೆ ಬಟವಾಡೆಯ ದಿನದ ತನಕ ಕೈಬಡ್ಡಿಗೆ ಹಣ ತಿರುಗಿಸುವವರು, ಭಾನುವಾರ ನಮ್ಮ ಪಕ್ಕದಲ್ಲೇ ಮೊಣಕಾಲೂರುವವರು, ನಮ್ಮಲ್ಲಿ ಇಲ್ಲವೇ? ಊರಿನ ಸಾಹುಕಾರನ ಲೆಕ್ಕ ಕೇಳುವ ಮೊದಲು ನಮ್ಮ ನಮ್ಮ ಸಂದೂಕದಲ್ಲಿರುವ ಕೈಚೀಟಿಗಳನ್ನು ನಾವು ತೆಗೆದು ನೋಡಬೇಕು. ಸಹೋದರನ ಓಲೆಯೋ ಪಾತ್ರೆಯೋ ನಮ್ಮಲ್ಲಿ ಒತ್ತೆಯಿದ್ದರೆ ಅದನ್ನು ಬಿಟ್ಟುಕೊಡುವುದು ಪ್ರಾರ್ಥನೆಯಷ್ಟೇ ದೊಡ್ಡ ಕಾರ್ಯ.

ಕೊನೆಗೆ, ಮೂಲ ಔಷಧವನ್ನು ಮರೆಯಬಾರದು. 1975ರ ಆಗಸ್ಟಿನಿಂದ ಮಹಾರಾಷ್ಟ್ರದಲ್ಲಿಯೂ 1976ರಲ್ಲಿ ಕರ್ನಾಟಕದಲ್ಲಿಯೂ ಬಂದ ಋಣ ಪರಿಹಾರ ಕಾನೂನುಗಳು ಬಡ ರೈತ ಕೂಲಿಗಳ ಹಳೆಯ ಸಾಹುಕಾರಿ ಸಾಲಗಳನ್ನು ಅಳಿಸಿದವು. ಮಹಾರಾಷ್ಟ್ರದ ಕಾನೂನನ್ನು ಸುಪ್ರೀಂ ಕೋರ್ಟು 1977ರಲ್ಲಿ ಎತ್ತಿಹಿಡಿಯಿತು. ಆದರೆ ಹಳೆಯ ಸಾಲ ಅಳಿದರೂ ಹೊಸ ಅಗತ್ಯ ಅಳಿಯುವುದಿಲ್ಲ. ಮರುವರ್ಷದ ಕಾಯಿಲೆಗೆ ಹಣ ಬೇಕೇ ಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನವರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. 1904ರ ಕಾಯಿದೆಯಡಿ ಹುಟ್ಟಿದ ಮೊದಲ ಸಂಘವೆಂದು ಅದಕ್ಕೆ ಹೆಸರು. ಹಳ್ಳಿಯ ರೈತರು ಆ ಕಾಲದಲ್ಲಿ ಮಾಡಿದ್ದನ್ನು ತೋಟದ ಹತ್ತು ಮನೆಗಳು ಈ ಕಾಲದಲ್ಲಿ ಮಾಡಲಾರವೇ? ಬಟವಾಡೆಯ ದಿನ ಮನೆಗೆ ಇಷ್ಟೆಂದು ಕೂಡಿಸಿ, ಲೆಕ್ಕವನ್ನು ಎಲ್ಲರ ಮುಂದೆ ಓದಿದರೆ, ಕಾಯಿಲೆ ಬಂದ ರಾತ್ರಿ ಯಾರೂ ಹೊಲದ ಕಾಗದ ಹಿಡಿದು ಓಡಬೇಕಾಗಿಲ್ಲ.

ಹೊಲ ಒತ್ತೆಯಿರುವ ಪ್ರತಿಯೊಂದು ಮನೆಯವರೂ ಮುಂದಿನ ಸಲ ಊರಿಗೆ ಹೋದಾಗ ಉತಾರದ ನಕಲು ತೆಗೆಸಿಕೊಂಡು ಬನ್ನಿರಿ. ಅದನ್ನು ನಮ್ಮ ಕೂಟಕ್ಕೆ ತನ್ನಿರಿ. ಕೂಡಿ ಓದೋಣ, ಕೂಡಿ ಲೆಕ್ಕ ಹಾಕೋಣ. ಬಡವರ ಮೊರೆಯನ್ನು ಕೇಳುವ ಕರ್ತನು ನಮಗೆ ಸತ್ಯವಾದ ನಾಲಿಗೆಯನ್ನೂ ಅಂಜದ ಹೃದಯವನ್ನೂ ಅನುಗ್ರಹಿಸಲಿ.